ಹಿಂದಿನ ಸೀಟಿನ ಜಾಯಿಂಟು

ಲೈಟ್ ಆರಿಸ್ಬ್ಯಾಡ್ರಿ, ಇರ್ಲಿ. ಇದು ದಾವಣಗೆರೆಯಾಗೆ, ನಮ್ಮ ವಿನೋಬನಗರದ ಕೊಟ್ಟೂರೇಶಗೇ ಆಗಿದ್ದು. ಓಣಿಯವರೆಲ್ಲ ಅವನ್ನ ಕೊಟ್ರೇಶ ಅಂತಾರೆ. ಕಾರಿನ ವೈರಿಂಗ್ ಕೆಲಸ ಅವನದು.

ಅವತ್ತು ರಾತ್ರಿ ಹತ್ತೂವರೆ. ಅಂಗಡಿ ಶಟರ್ ಎಳೆದು ನಡ್ಕೊಂಡೇ ಮನೆಗೆ ಹೊರಟಿದ್ದ. ಹರಿಹರದ ಕಡೆ ಹೋಗೋ ಹಳೇ ರಸ್ತೆ ಮಗ್ಗುಲಿಗೆ ಒಂದು ಹಾಳುಬಾವಿ ಐತೆ. ಅದರ ಪಕ್ಕ ಒಂದು ಕಾರು ನಿಂತಿತ್ತು. ಇಂಜಿನ್ ಗುರ್ ಅಂತಿತ್ತು. ಒಳಗೆ ರೇಡಿಯೋ ಹಾಡ್ತಿತ್ತು. ಸ್ಟೇರಿಂಗ್ ಬಿಗಿಯಾಗಿ ಹಿಡ್ಕೊಂಡು ಕೂತಿದ್ದವಳು ಅವನ ಓಣಿಯವಳೇ, ವಾಣಿ. ಹರಿಹರದ ಒಂದು ನರ್ಸಿಂಗ್ ಹೋಮ್‌ನಾಗೆ ನರ್ಸು.

"ಯಾಕ ವಾಣಕ್ಕ, ಇಲ್ಲಿ ನಿಂತೀರಿ?"

"ಈಗ ಬಂತಣ್ಣ, ಹಾಡು..." ಪಿಸುಗುಟ್ಟಿದಳು. "ದಿನಾ ಹಿಂಗೇ. ಹರಿಹರ ಬಿಟ್ಟು ಆಲದಮರ ಬರ್ತಿದ್ದಂಗೆ ರೇಡಿಯೋ ಬಂದ್. ಈ ಬಾವಿ ಹತ್ರ ತಾನೇ ಚಾಲೂ."

"ಎಲ್ಲೋ ಲೂಸ್ ಆಗಿರ್ತೈತೆ ಬಿಡ್ರಿ. ಬೆಳಿಗ್ಗೆ ಗಾಡಿ ತಂದು ಬಿಡ್ರಿ."

ಬೆಳಿಗ್ಗೆ ಫ್ಯೂಸ್ ನೋಡಿದ. ಸರಿ ಇತ್ತು. ಸೆಟ್ಟು ಹೊರಗೆಳೆದು ಹಿಂದಿನ ಪಿನ್ನು ಒಂದೊಂದೇ ಅಲ್ಲಾಡಿಸಿದ. ಅರ್ಥಿಂಗ್ ತಿಕ್ಕಿ ಕೂರಿಸಿದ. ಹಾಡು ಒಂದು ಸಲನೂ ಕಡೀಲಿಲ್ಲ. ಆಲದಮರದ ತನಕ ತಾನೇ ಓಡಿಸ್ಕೊಂಡು ಹೋಗಿ, ಬೇಕಂತ್ಲೇ ಗುಂಡಿಗೆ ಇಳಿಸಿ ಬಂದ. ಊಹೂಂ... ರೇಡಿಯೋ ಹಾಡಿದ್ದೇ ಹಾಡಿದ್ದು.

ಕೊನೆಗೆ ಸೆಟ್ಟಿಗೆ ಬರೋ ಕರೆಂಟಿನ ವೈರು ಎಲ್ಲಿಂದ ಬಂದೈತೆ ಅಂತ ಹುಡುಕ್ಕೊಂಡು ಹೋದ. ಸೆಕೆಂಡ್ ಹ್ಯಾಂಡ್ ಗಾಡಿ. ಹಿಂದಿನ ಮಾಲೀಕ ಯಾವಾಗ್ಲೋ ದೊಡ್ಡ ಸ್ಪೀಕರ್ ಹಾಕಿಸೋಕೆ ಅಂತ ವೈರನ್ನ ಹಿಂದಿನ ಸೀಟಿನ ಕೆಳಗಿಂದ ಸುತ್ತಿಸಿ ತಂದಿದ್ದ. ಅದನ್ನ ನೋಡೋಕೆ ಕೊಟ್ರೇಶ ಹಿಂದೆ ಹತ್ತಿ, ಎಡಗಡೆ ಸೀಟಿನ ಮೇಲೆ ಮಂಡಿಯೂರಿದ.

ಟಕ್. ಹಾಡು ನಿಂತಿತು.

ಇಳಿದ. ಟಕ್... ಹಾಡು ಬಂತು.

ಕೈಯಿಂದ ಒತ್ತಿದ. ಹಾಡ್ತಾನೇ ಇತ್ತು. ಜಾಕು ಇಟ್ಟ, ಪಾನಾ ಪೆಟ್ಟಿಗೆ ಇಟ್ಟ. ಆಗ್ಲೂ ಹಾಡ್ತಿತ್ತು. ತಾನೇ ಹೋಗಿ ಕೂತ. ಟಕ್. ಸೀಟಿನ ಸ್ಪ್ರಿಂಗು ಕುಸಿದು, ಕೆಳಗಿನ ವೈರಿನ ಜಾಯಿಂಟನ್ನ ಎಳೆದು ಬಿಡಿಸ್ತಿತ್ತು. ಒಂದು ಆಳಿನ ಭಾರ ಬಿದ್ರೆ ಮಾತ್ರ.

ಮಧ್ಯಾಹ್ನ ಡ್ಯೂಟಿಗೆ ಹೊರಟ ವಾಣಿ ಕಾರು ತಗೊಳ್ಳೋಕೆ ಬಂದಾಗ ಖುಷಿಯಿಂದ ಹೇಳಿದ. "ಸಿಕ್ತು ವಾಣಕ್ಕ! ರಾತ್ರಿ ನಿಮ್ ಜೊತೆ ಹಿಂದೆ ಎಡಗಡೆ ಕೂಡ್ತಾರಲ್ಲ, ಅವ್ರ ಭಾರಕ್ಕೆ ಆಗ್ತಿರೋದು. ಯಾರವ್ರು?"

ವಾಣಿ ಮುಖ ಬಿಳಿಚಿಕೊಂಡಿತು.

"ನಾನೊಬ್ಳೇ ಬರೋದು, ಕೊಟ್ರೇಶಣ್ಣ..."

ಅವನ ನಗು ಹಂಗೇ ನಿಂತುಬಿಡ್ತು. ಬೇರೆ ಎಲ್ಲೋ ಇನ್ನೊಂದು ಫಾಲ್ಟ್ ಇರ್ಬೇಕು, ಕಣ್ಣಾರೆ ನೋಡದೆ ಕೈ ಹಾಕಬಾರದು ಅಂತ ತನಗೆ ತಾನೇ ಹೇಳ್ಕೊಂಡ. ರಾತ್ರಿ ಬಸ್ ಹತ್ತಿ ಹರಿಹರಕ್ಕೆ ಹೋದ.

ವಾಣಿ ಡ್ಯೂಟಿ ಮುಗಿಸಿ ಹೊರಡೋ ಮುಂಚೆ ಕಾರಿನ ಹಿಂದಿನ ಬಾಗಿಲು ತೆಗೆದು ನೋಡಿದ. ಖಾಲಿ. ನಾಲ್ಕೂ ಬಾಗಿಲು ಲಾಕ್ ಮಾಡಿಸಿ, ವಾಣಿ ಪಕ್ಕ ಮುಂದೆ ಕೂತ. ಊರು ದಾಟಿದ್ರು. ರೇಡಿಯೋ ಹಾಡ್ತಿತ್ತು. ಆಲದಮರದ ಕತ್ತಲು ರಸ್ತೆ ಮೇಲೆ ಬಂತು. ಬಿಳಲು ಕಾರಿನ ನೆತ್ತಿಗೆ ಸರ್ರಂತ ಸವರಿತು.

ಆಮೇಲೆ... ಕಿರ್ರ್...

ಸ್ಪ್ರಿಂಗು ಕುಸಿದ ಸದ್ದು. ಅವನ ಬೆನ್ನ ಹಿಂದೇನೇ.

ಟಕ್.

"ಅಣ್ಣಾ..."

"ಶ್... ನಿಲ್ಲಿಸ್ಬ್ಯಾಡ್ರಿ. ಕನ್ನಡಿ ನೋಡ್ಬ್ಯಾಡ್ರಿ."

"ಹಿಂದೆ..."

"ಗೊತ್ತೈತೆ. ನೀವ್ ಗಾಡಿ ಹೊಡೀರಿ."

ಕೊಟ್ರೇಶನ ಅಂಗಿ ಬೆವರಿಗೆ ಮೈಗಂಟಿತ್ತು. ಕತ್ತು ತಿರುಗಿಸೋಕೆ ಆಗ್ಲಿಲ್ಲ. ಹಗಲೆಲ್ಲ ತಾನೇ ಭಾರ ಇಟ್ಟು ನೋಡಿದ್ದ. ಜಾಕು ಸಾಲಿರ್ಲಿಲ್ಲ. ಒಂದು ಆಳೇ ಬೇಕಾಗಿತ್ತು. ತಿರುವಿನಲ್ಲಿ ಕಾರು ಹೊರಳಿದಾಗ ಸ್ಪ್ರಿಂಗು ಮೆಲ್ಲಗೆ ಕಿರುಗುಟ್ಟಿತು... ಕೂತವರು ಸರಿದು ಕೂತಂಗೆ.

ಬಾವಿ ಬಂತು. ಕಿರ್ರ್... ಟಕ್. ಅರ್ಧ ಚರಣದಿಂದ ಹಾಡು ಶುರುವಾಯ್ತು.

ವಾಣಿ ಓಣಿ ಬಾಯಿಗೆ ಬರೋ ತನಕ ಕಾರು ನಿಲ್ಲಿಸ್ಲಿಲ್ಲ. ಅಲ್ಲಿ, ಬೀದಿ ದೀಪದ ಕೆಳಗೆ ನಿಲ್ಲಿಸಿದಳು.

"ಬೆಳಿಗ್ಗೆ ಎದ್ದೋನೇ ಆ ಜಾಯಿಂಟ್ ಬೆಸುಗೆ ಹಾಕ್ತೀನಿ," ಅಂದ ಕೊಟ್ರೇಶ. "ಹತ್ತು ನಿಮಿಷದ ಕೆಲಸ."

"ಬ್ಯಾಡಣ್ಣ."

"ಯಾಕ?"

"ಅದು ಸರಿಯಾದ್ರೆ... ಹತ್ತಿದ್ದು, ಇಳಿದದ್ದು ನಂಗೆ ಹೆಂಗೆ ಗೊತ್ತಾಗ್ಬೇಕು?"

ಆ ಜಾಯಿಂಟು ಇವತ್ತಿಗೂ ಹಂಗೇ ಐತೆ. ವಾಣಿ ಈಗ್ಲೂ ಅದೇ ಕಾರಿನಾಗೆ ಓಡಾಡ್ತಾಳೆ, ಅದೇ ರಸ್ತೆ. ರೇಡಿಯೋ ಮಾತ್ರ ಒಂದು ದಿನಾನೂ ಆರಿಸಲ್ಲ.

ಸುಳ್ಳು ಅನ್ಸಿದ್ರೆ ನಾಳೆನೇ ಹೋಗಿ ಕೊಟ್ರೇಶನ್ನ ಕೇಳ್ರಿ, ಅಂಗಡಿಯಾಗೇ ಇರ್ತಾನೆ. ಅವತ್ತು ಇಳಿದ ಮೇಲೆ ಅವನು ಹಿಂದಿನ ಬಾಗಿಲು ತೆಗೆದು ನೋಡಿದ. ಹರಿಹರದಾಗೆ ನೋಡಿದಾಗ ಬಿಚ್ಚೇ ಇದ್ದ ಎಡಗಡೆ ಸೀಟಿನ ಬೆಲ್ಟು ಈಗ ಹಾಕಿತ್ತು. ಗುಂಡಿ ಒತ್ತಿ ತಾನೇ ಬಿಚ್ಚಿದ. ಕಬ್ಬಿಣದ ಬಕಲ್ಲು ಕೈಗೆ ಬೆಚ್ಚಗಿತ್ತು... ಆಣೆ ಮಾಡಿ ನನ್ನ ಮುಂದೆ ಹೇಳ್ಯಾನೆ.