ಅತ್ತೆಯ ಕಾರಿನ ಹಿಂದಿನ ಬ್ರೇಕು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಐದೇ ನಿಮಿಷದಲ್ಲಿ ಮುಗಿಸಬೇಕೆಂದು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡಿರುವ ಕಾರ್ಯದರ್ಶಿಗಳೇ, ಸನ್ಮಾನದ ಕುರ್ಚಿಯಲ್ಲಿ ಕುಳಿತು ‘ಬೇಡ, ಬೇಡ’ ಎಂದು ನನಗೆ ಕಣ್ಸನ್ನೆ ಮಾಡುತ್ತಿರುವ ಅತ್ತೆಯವರೇ, ಮೂರನೆಯ ಸಾಲಿನಲ್ಲಿ ಆಗಲೇ ತಲೆ ತಗ್ಗಿಸಿರುವ ನನ್ನ ಯಜಮಾನರೇ ಮತ್ತು ಸಭಿಕರೇ,

ಕಣ್ಣು ಮಂಜಾದವರನ್ನೂ ಕಾಲು ನೋವಿನವರನ್ನೂ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದು, ಅಲ್ಲೇ ಕಾದು, ಮತ್ತೆ ಮನೆ ಮುಟ್ಟಿಸುವ ನನ್ನ ಅತ್ತೆಗೆ ಇಂದು ನೀವೆಲ್ಲ ಸೇರಿ ಸನ್ಮಾನ ಮಾಡಿದ್ದೀರಿ. ಅವರ ಗುಣಗಾನವನ್ನು ನನಗಿಂತ ಮುಂಚೆ ಮಾತಾಡಿದವರು ಮುಗಿಸಿಬಿಟ್ಟರು. ನನ್ನ ಪಾಲಿಗೆ ಉಳಿದಿರುವುದು ಬ್ರೇಕು. ನಗಬೇಡಿ! ಗ್ಯಾರೇಜು ನಡೆಸುವ ಸೊಸೆಯನ್ನು ಕರೆದು ಮೈಕು ಕೊಟ್ಟರೆ ಅವಳು ಮತ್ತೇನು ತಾನೆ ಮಾತಾಡಿಯಾಳು?

ನಿಮಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಕಳೆದ ವರ್ಷ ಈ ಕಾರಿನ ಕೀ ಅತ್ತೆಯ ಕೈತಪ್ಪಿ ಹೋಗುವುದರಲ್ಲಿತ್ತು. ಕಾರಣ, ಹಿಂದಿನ ಬ್ರೇಕು. ಯಾವ ಕಾರಿನಲ್ಲೇ ಆಗಲಿ, ಮುಂದಿನ ಬ್ರೇಕಿಗೆ ದುಡಿಮೆ ಹೆಚ್ಚು, ಮೊದಲು ಸವೆಯುವುದೂ ಅದೇ. ಹಿಂದಿನದು ಮನೆಯ ಕಿರಿಮಗನ ಹಾಗೆ, ಆರಾಮ. ಅತ್ತೆಯ ಕಾರಿನಲ್ಲಿ ಮಾತ್ರ ಎಲ್ಲ ತಿರುವುಮುರುವು. ಚಕ್ರವನ್ನು ಒತ್ತಿ ನಿಲ್ಲಿಸುವ ಹಿಂದಿನ ಬ್ರೇಕ್ ಶೂಗಳನ್ನು ಮಳೆಗಾಲಕ್ಕೆ ಹಾಕಿದರೆ ಚಳಿಗಾಲದ ಹೊತ್ತಿಗೆ ಸವೆದು ಬರೀ ತಗಡು!

“ಅಮ್ಮನಿಗೆ ವಯಸ್ಸಾಯ್ತು ಕಣೇ. ಬ್ರೇಕ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾಳೆ. ಇನ್ನು ಸಾಕು, ಕೀ ಇಸ್ಕೊಂಡ್ಬಿಡೋಣ” ಅಂದರು ನಮ್ಮ ಯಜಮಾನರು.

“ಹಾಗಾದ್ರೆ ಮುಂದಿನವೂ ಸವೀಬೇಕಲ್ರೀ?” ಅಂದೆ.

“ಅದೆಲ್ಲಾ ನಂಗೊತ್ತಿಲ್ಲ.”

ಅತ್ತೆ ಜಗಳವಾಡಲಿಲ್ಲ. “ಆಯ್ತಪ್ಪಾ, ಇನ್ನೊಂದು ಸಲ ಸವೆದ್ರೆ ನಾನೇ ಕೀ ನಿನ್ನ ಕೈಗಿಡ್ತೀನಿ” ಅಂದುಬಿಟ್ಟರು. ಮಾವ ತೀರಿಕೊಂಡ ಮೇಲೆ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳದಿದ್ದ ಈ ಹೆಂಗಸನ್ನು ಎಬ್ಬಿಸಿದ್ದು ಯಾವುದು? ಮಾವ ಬಿಟ್ಟುಹೋದ ಈ ಕಾರು. ಅರವತ್ತು ದಾಟಿದ ಮೇಲೆ ಓಡಿಸಲು ಕಲಿತರು. ಅದನ್ನೂ ಕಿತ್ತುಕೊಂಡರೆ ಮತ್ತೆ ಆ ಕುರ್ಚಿಯೇ ಗತಿ ಅಲ್ಲವೇ?

ಹಠ ಹಿಡಿದು ಕಾರನ್ನು ಜಾಕಿನ ಮೇಲೆ ಎತ್ತಿದೆ. ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಿತು. ಶೂಗಳನ್ನು ಮುಚ್ಚಿರುವ ಡ್ರಮ್ ಬಿಚ್ಚಿದೆ. ಸ್ಪ್ರಿಂಗ್ ಗಟ್ಟಿಯಾಗಿತ್ತು, ಕೇಬಲ್ ಎಲ್ಲೂ ಸಿಕ್ಕಿಕೊಂಡಿರಲಿಲ್ಲ, ಎಣ್ಣೆ ಸೋರಿರಲಿಲ್ಲ. ಒಂದು ಬದಿ ಮಾತ್ರ ಸವೆದಿದ್ದರೆ ಆ ಬದಿಯಲ್ಲೇನೋ ಕೆಟ್ಟಿದೆ ಅನ್ನಬಹುದಿತ್ತು. ಎಡ ಬಲ ಎರಡೂ ಒಂದೇ ಸಮ ಸವೆದಿದ್ದವು. ಎರಡನ್ನೂ ಒಟ್ಟಿಗೆ ಎಳೆಯುವುದು ಹ್ಯಾಂಡ್‌ಬ್ರೇಕು. ಆದರೆ ಹ್ಯಾಂಡ್‌ಬ್ರೇಕ್ ಎತ್ತಿಕೊಂಡು ಓಡಿಸುವಷ್ಟು ದಡ್ಡರೇ ನಮ್ಮತ್ತೆ?

ಇಲ್ಲಿ ಒಂದು ಮಾತು. ನಮ್ಮ ಯಜಮಾನರು ಕಾರು ಓಡಿಸುತ್ತಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಒಮ್ಮೆ ಗೇಟಿನ ಕಂಬಕ್ಕೆ ಗುದ್ದಿದ್ದರು. ಮಾವ ನಾಲ್ಕು ಜನರ ಮುಂದೆ ನಕ್ಕುಬಿಟ್ಟರು. ಅಂದಿನಿಂದ ಸ್ಟೀರಿಂಗ್ ಮುಟ್ಟಿದವರಲ್ಲ. ಆ ಕಾರು ರಿಪೇರಿಗೆ ಬಂದಿದ್ದು ನಮ್ಮಪ್ಪನ ಗ್ಯಾರೇಜಿಗೆ. ನಾನು ಬೇರೊಂದು ಕಾರಿನ ಕೆಳಗೆ ಮಲಗಿದ್ದೆ, ಇವರ ಬೂಟು ಮಾತ್ರ ಕಾಣುತ್ತಿತ್ತು. “ಕಂಬ ಅಲ್ಲಿರ್ಲೇ ಇಲ್ಲ ಸಾರ್” ಅಂತ ಗೋಳಾಡುತ್ತಿದ್ದರು. ಅಯ್ಯೋ ಪಾಪ ಅನ್ನಿಸಿತು. ಆ ಅಯ್ಯೋ ಪಾಪವೇ ಮುಂದೆ ಮದುವೆಯವರೆಗೂ ಬಂತು, ಇರಲಿ ಬಿಡಿ.

ಅತ್ತೆ ದಿನಾ ಬೆಳಿಗ್ಗೆ ಮಗನನ್ನು ಆಫೀಸಿಗೆ ಬಿಟ್ಟು ಆಮೇಲೆ ನಿಮ್ಮ ಸೇವೆಗೆ ಹೊರಡುವುದು. ಒಂದು ದಿನ ನಾನೂ ಹೊರಟು, ಮುಂದೆ ಕುಳಿತ ಅವರಿಬ್ಬರ ಹಿಂದಿನ ಸೀಟಿನಲ್ಲಿ ಕುಳಿತೆ. ಮೊದಲ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ‘ಕಟ್’ ಅಂತ ಸದ್ದು. ಬಗ್ಗಿ ನೋಡುತ್ತೇನೆ, ನಮ್ಮ ಯಜಮಾನರ ಬಲಗೈ ಹ್ಯಾಂಡ್‌ಬ್ರೇಕಿನ ಮೇಲೆ! ಮಾತು ಆಡುತ್ತಲೇ ಇದ್ದಾರೆ, ಕೈ ತನ್ನ ಪಾಡಿಗೆ ತಾನು ಒಂದು ಹಲ್ಲು ಮೇಲೆ ಎಳೆದಿದೆ. ಮುಂದಿನ ಲಾರಿಗೆ ಇನ್ನೊಂದು ‘ಕಟ್’. ಆಫೀಸಿನ ತನಕ ಬ್ರೇಕು ಉಜ್ಜಿಕೊಂಡೇ ಹೋಯಿತು, ಸುಟ್ಟ ವಾಸನೆ ನನ್ನ ಮೂಗಿಗೇ ಬಡಿಯಿತು. ಮಾಡಿದವರು ಇವರು, ಬೈಸಿಕೊಂಡವರು ಅವರಮ್ಮ!

ಅವರು ಇಳಿದುಹೋದರು. ಹ್ಯಾಂಡ್‌ಬ್ರೇಕ್ ಎತ್ತಿದ್ದರೆ ಸ್ಟೀರಿಂಗಿನ ಮುಂದೆ ಕೆಂಪು ದೀಪ ಉರಿಯಬೇಕಲ್ಲ, ಅದೆಲ್ಲಿ? ಅದರ ಜಾಗದಲ್ಲಿ ನಗುವ ಸೂರ್ಯನ ಸ್ಟಿಕರ್ ಇತ್ತು. ಚೆಂದಕ್ಕೆ ಅಂಟಿಸಿದ್ದಾರೆ ಅಂದುಕೊಂಡಿದ್ದೆ. ಉಗುರಿನಿಂದ ಕಿತ್ತೆ. ಕೆಳಗೆ ದೀಪ ಕೆಂಪಗೆ ಉರಿಯುತ್ತಿತ್ತು.

“ಅತ್ತೇ! ನಿಮಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ಕಾರು ಎಳೆದ್ರೆ ತಿಳಿಯಲ್ವಾ? ಅವನ ಕಣ್ಣಿಗೆ ಬೀಳಬಾರದು ಅಂತ ಅಂಟಿಸ್ದೆ. ಇಳಿದ ಮೇಲೆ ನಾನೇ ಕೆಳಗಿಳಿಸ್ತೀನಿ.”

“ಹೇಳ್ಬಾರ್ದಿತ್ತಾ? ಕೀ ಹೋಗ್ತಿತ್ತಲ್ಲ!”

“ಅವರಪ್ಪ ಒಂದ್ಸಲ ನಕ್ಕಿದ್ದಕ್ಕೇ ಇಷ್ಟು ವರ್ಷ ಸ್ಟೀರಿಂಗ್ ಮುಟ್ಟಿಲ್ಲ ಕಣಮ್ಮಾ. ಇನ್ನು ನಾನು ಬೇರೆ ಹೇಳ್ಲಾ? ಚಿಕ್ಕವನಿದ್ದಾಗ ರಸ್ತೆ ದಾಟೋವಾಗ ನನ್ನ ಕಿರುಬೆರಳು ಹಿಡ್ಕೋತಿದ್ದ. ಈಗ ಇದನ್ನ ಹಿಡ್ಕೊಂಡಿದಾನೆ. ಹಿಡ್ಕೊಳ್ಲಿ ಬಿಡು.”

ಸಭಿಕರೇ, ನಾನು ಹಿಂದಿನ ಸೀಟಿನಲ್ಲಿ ಕುಳಿತು ಗೊಳೋ ಎಂದು ಅತ್ತುಬಿಟ್ಟೆ. ಆದರೆ ನನಗೆ ಅತ್ತೆಯಷ್ಟು ತಾಳ್ಮೆ ಇಲ್ಲ. ಸಂಜೆಯೇ ಯಜಮಾನರನ್ನು ಗ್ಯಾರೇಜಿಗೆ ಕರೆದು, ಸವೆದ ಶೂ ಅವರ ಕೈಗಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಹಳ ಹೊತ್ತು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, “ನಂಗೆ ಓಡಿಸೋದು ಕಲಿಸಿಕೊಡು ಅಂತ ಅಮ್ಮನ್ನ ಕೇಳ್ಲಾ?” ಅಂದರು. ನಾನು ಹೊಸ ಶೂ ಹಾಕಿದೆ, ಡ್ರಮ್ ಹದ ಮಾಡಿದೆ. ಇಷ್ಟು ತಿಂಗಳಾದರೂ ಹಿಂದಿನ ಬ್ರೇಕು ಹೊಸದರಂತಿದೆ. ಇದನ್ನೆಲ್ಲ ಸಭೆಯಲ್ಲಿ ಹೇಳಲು ಯಜಮಾನರ ಒಪ್ಪಿಗೆ ಇದೆ. ಅಂದರೆ, ಅರ್ಧಕ್ಕೆ ಇದೆ.

ಕಾರ್ಯದರ್ಶಿಗಳು ಗಡಿಯಾರ ಎತ್ತಿ ತೋರಿಸುತ್ತಿದ್ದಾರೆ, ಮುಗಿಸಿದೆ. ಇಂದು ನಮ್ಮನ್ನು ಈ ಸಭಾಂಗಣಕ್ಕೆ ಕರೆತಂದವರು ಯಾರು ಗೊತ್ತೇ? ಸ್ಟೀರಿಂಗ್ ಹಿಡಿದಿದ್ದವರು ನಮ್ಮ ಯಜಮಾನರು! ಹೊರಗಿನ ಗೇಟಿನ ಕಂಬ ನೆಟ್ಟಗೇ ಇದೆ, ಬೇಕಿದ್ದರೆ ಹೋಗುವಾಗ ನೋಡಿ. ಪಕ್ಕದಲ್ಲಿ ಅತ್ತೆ, ಹಿಂದೆ ನಾನು. ಆ ಕಂಬ ಹತ್ತಿರ ಬಂದಾಗ ‘ಕಟ್’ ಅಂತ ಸದ್ದಾಯಿತು. ಬಗ್ಗಿ ನೋಡಿದೆ. ಹ್ಯಾಂಡ್‌ಬ್ರೇಕಿನ ಮೇಲಿದ್ದದ್ದು ಅತ್ತೆಯ ಕೈ.

ನಾಳೆ ಅಂಗಡಿಗೆ ಹೋಗಿ ಇನ್ನೊಂದು ಜೊತೆ ಹಿಂದಿನ ಬ್ರೇಕ್ ಶೂ ತರುತ್ತೇನೆ. ಸ್ಟಿಕರನ್ನೂ ತರುತ್ತೇನೆ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು, ನಮಸ್ಕಾರ.