ಸೊಸೆಯ ಪರವಾಗಿ ಬಂದವಳು

ಅವಳು ಬರಲ್ಲ ಅಂದೆನಲ್ಲಮ್ಮ, ಎಷ್ಟು ಸಲ ಹೇಳ್ಲಿ... ಸೊಸೆ ಬರೋ ಹಾಗಿದ್ದಿದ್ರೆ ಅತ್ತೆ ಯಾಕೆ ಬಂದು ನಿಮ್ಮ ಈ ನೆರವು ಕೇಂದ್ರದ ಕುರ್ಚಿ ಸವೆಸ್ತಿದ್ಲು? ಅವಳ ಪರವಾಗಿ ನಾನು ಬಂದಿದ್ದೀನಿ. ನೀನು ಬರ್ಕೋ. ಹೊಡಿಯೋನು ನನ್ನ ಮಗ. ಹೌದು, ನಾನು ಹೆತ್ತವನೇ. ಅವನನ್ನ ಹೆಡೆಮುರಿ ಕಟ್ಟಿ ಎಳ್ಕೊಂಡು ಹೋಗ್ಬೇಕು, ಅಷ್ಟೇ ನಂಗೆ ಬೇಕಾಗಿರೋದು.

ಯಾಕೆ ನಗ್ತೀಯ? ಅತ್ತೆ ಸೊಸೆ ಪರ ನಿಂತಿದ್ದು ಎಲ್ಲೂ ನೋಡಿಲ್ವಾ? ಈಗ ನೋಡು, ಕಣ್ತುಂಬ ನೋಡು.

ಇಲ್ಲ ಇಲ್ಲ, ಕರೆದು ಕೂರ್ಸಿ ಬುದ್ಧಿ ಹೇಳೋದೆಲ್ಲ ಬೇಡ. ಬುದ್ಧಿ ಹೇಳಿ ಹೇಳಿ ನನ್ನ ಬಾಯಿ ಬಿದ್ದುಹೋಗಿದೆ. ಅವನು ಎಲ್ಲಿ ಕೆಲಸ ಮಾಡ್ತಾನೆ ಗೊತ್ತಾ? ದೊಡ್ಡ ಬಟ್ಟೆ ಅಂಗಡೀಲಿ. ಗಿರಾಕಿಗಳ ಮುಂದೆ ಬೆಣ್ಣೆ. ಥಾನಿನ ಮೇಲೆ ಥಾನು ಬಿಚ್ಚಿ ಹಾಸ್ತಾನೆ, ಒಂದನ್ನೂ ಕೊಳ್ಳದೆ ಎದ್ದು ಹೋದ್ರೂ ಮುಖ ಸಿಂಡರಿಸಲ್ಲ. ಅಲ್ಲೇ ಹಿಡೀಬೇಕು ಅವನನ್ನ, ಮನೇಲಲ್ಲ. ಜನ ತುಂಬಿರೋ ಹೊತ್ತಲ್ಲಿ, ಯಜಮಾನನ ಎದುರಿಗೆ, ಆ ಇಸ್ತ್ರಿ ಶರ್ಟಿನ ಕೊರಳಪಟ್ಟಿಗೇ ಕೈ ಹಾಕ್ಬೇಕು. ನಾನು ಎದುರುಗಡೆ ಫುಟ್‌ಪಾತಲ್ಲಿ ನಿಂತು ನೋಡ್ತೀನಿ. ಆ ಶರ್ಟು ಇಸ್ತ್ರಿ ಮಾಡೋಳೂ ನಾನೇ ಕಣಮ್ಮ.

ಮೊನ್ನೆ ಅವನಿಗೆ ಟೀ ಸೋಸ್ತಾ ಇದ್ದೆ, ಜಿರಳೆ ಔಷಧಿ ಡಬ್ಬಿ ಕಣ್ಣಿಗೆ ಬಿತ್ತು. ಸುಮ್ನೆ ನೋಡ್ತಾ ನಿಂತೆ... ಹೆದರ್ಬೇಡ, ಮುಟ್ಟಿಲ್ಲ. ಅವನು ಅಷ್ಟು ಸುಲಭಕ್ಕೆ ಸತ್ರೆ ನಂಗೇನು ಬಂತು? ಅವನು ಬದುಕಿರ್ಬೇಕು. ತಲೆ ತಗ್ಗಿಸ್ಕೊಂಡು ಬದುಕಿರ್ಬೇಕು.

ಕೇಳು, ಏನೇನು ಕೇಳ್ಬೇಕೋ ಕೇಳು. ಫೋನಾ? ಫೋನು ಅವನ ಬೀರುವಲ್ಲಿದೆ, ಕೀಲಿ ಅವನ ಜೇಬಲ್ಲಿ. ಮನೆಗೆ ಯಾರಾದ್ರೂ ಬಂದು ಹೋಗ್ತಾರಾ ಅಂತಾನಾ? ಪಕ್ಕದ್ಮನೆಯವಳನ್ನ ಬಾಗಿಲಲ್ಲೇ ಬೈದು ಅಟ್ಟಿದ ಮೇಲೆ ಒಂದು ನರಪಿಳ್ಳೆ ತಲೆ ಹಾಕಿಲ್ಲ. ಆಮೇಲೆ ಕನ್ನಡಕ. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಕನ್ನಡಕ ತೆಗೆದು ತನ್ನ ಬ್ಯಾಗಿಗೆ ಹಾಕ್ಕೊಂಡು ಹೋಗ್ತಾನೆ. ಹೊರಗೆ ಕಾಲಿಡಬಾರದು ಅಂತ.

ಏನಂದೆ? ಇದೂ ಹಿಂಸೇನಾ? ಕನ್ನಡಕ ಬಚ್ಚಿಡೋದೂ, ಜನ ಬರದ ಹಾಗೆ ಮಾಡೋದೂ? ಕೈ ಎತ್ತಿದ್ರೆ ಮಾತ್ರ ಹಿಂಸೆ ಅಂತ ನಾನು ಅಂದ್ಕೊಂಡಿದ್ದೆ... ಬರ್ಕೋ ಹಾಗಿದ್ರೆ, ದಪ್ಪಕ್ಷರದಲ್ಲಿ ಬರ್ಕೋ.

ಹೂಂ, ಅವಳಿಗೆ ಕನ್ನಡಕ ಇದೆ. ಈಗಿನ ಕಾಲದಲ್ಲಿ ತೊಟ್ಟಿಲ ಕೂಸಿಗೂ ಕನ್ನಡಕ. ನಂದಾ? ನಂದು... ಮನೇಲಿ ಮರೆತೆ.

ಈ ಜಾಗ ಹೇಗೆ ಗೊತ್ತಾಯ್ತು ಅಂದ್ರೆ, ಕೇಳಿ ನಗ್ಬೇಡ. ನಾನು ಪ್ರೆಸ್ಸಲ್ಲಿ ಬೈಂಡಿಂಗ್ ಕೆಲಸದವಳು. ನೀವು ಹಂಚ್ತೀರಲ್ಲ ಆ ಕರಪತ್ರ, ಅದನ್ನ ರಾಶಿ ರಾಶಿ ಮಡಚಿದ್ದು ಈ ಕೈಯೇ. ಮಡಚೋರು ಎಲ್ಲಿ ಓದ್ತಾರೆ? ಅಂಚಿಗೆ ಅಂಚು ಕೂತ್ರೆ ಆಯ್ತು. ಒಂದಿನ ಹಾಳೆ ಒಂದು ಉಲ್ಟಾ ಬಂತು, ಚಿತ್ರ ಕಾಣ್ತು. ಗಂಡ ಕೈ ಎತ್ತಿದ್ದಾನೆ, ಹೆಂಡ್ತಿ ಮೂಲೇಲಿ ಮುದುಡಿಕೊಂಡಿದ್ದಾಳೆ, ಕೆಳಗೆ ಇಲ್ಲಿನ ವಿಳಾಸ. ಓ, ಇದು ಗಂಡ ಹೆಂಡ್ತೀರದ್ದು, ನಮಗಲ್ಲ ಅಂತ ಮಡಚಿ ಕಟ್ಟಿಗೆ ಸೇರಿಸ್ದೆ. ಆಮೇಲೆ... ಆಮೇಲೆ ಸೊಸೆ ಇದ್ದಾಳಲ್ಲ, ಅವಳದ್ದು ಹೇಳ್ಬಹುದು ಅನ್ನಿಸ್ತು. ಇಲ್ಲ, ಈಗ ಪ್ರೆಸ್ಸಿಗೆ ಹೋಗ್ತಿಲ್ಲ. ಬಿಡಿಸ್ದ... ಬಿಟ್ಟೆ. ವಯಸ್ಸಾಯ್ತಲ್ಲ.

ಉಳ್ಕೊಳ್ಳೋಕೆ ಜಾಗ ಕೊಡ್ತೀರಾ? ಇವತ್ತಿಂದಲೇ? ಎಲ್ಲಿದೆ ಅಂತ ಅವನಿಗೆ ಗೊತ್ತಾಗಲ್ವಾ? ವಕೀಲರೂ ನಿಮ್ಮೋರೇ, ಡಾಕ್ಟ್ರಿಗೂ ನೀವೇ ತೋರಿಸ್ತೀರಾ, ಬಟ್ಟೆಬರೆ ತರೋಕೆ ಜೊತೆಗೆ ಜನ ಬರ್ತಾರಾ... ಇಷ್ಟೆಲ್ಲ ಇದೆಯಾ? ಇರ್ಲಿ, ಅದು ಆಮೇಲಿನ ಮಾತು. ಮೊದಲು ಅವನಿಗೆ ಆಗೋದು ಆಗ್ಲಿ.

ಹೇಗೆ ಹೊಡೀತಾನೆ ಅಂತಾನೂ ಬಿಡಿಸಿ ಹೇಳ್ಬೇಕಾ? ಸರಿ. ಮೊದಲು ಟೀವಿ ಜೋರು ಮಾಡ್ತಾನೆ, ಪಕ್ಕದವರಿಗೆ ಕೇಳಬಾರದು ಅಂತ. ಆಮೇಲೆ ಚಿಲಕ ಹಾಕೋ ಸದ್ದು. ಕೈ ಹಿಂದಕ್ಕೆ ತಿರುಚಿ ಗೋಡೆಗೆ ಒತ್ತಿ ಹಿಡೀತಾನೆ. ಕೂಗೋಕೆ ಹೋದ್ರೆ ಅಂಗೈಯಿಂದ ಬಾಯಿ ಅದುಮ್ತಾನೆ, ಹಲ್ಲು ತುಟಿಗೆ ಚುಚ್ಚಿ ರಕ್ತ ಬರುತ್ತೆ. ಆಮೇಲೆ ಕಿವಿ ಹತ್ರ ಬಾಯಿ ತಂದು, ಮೆಲ್ಲಗೆ, ಅಂಗಡೀಲಿ ಮಾತಾಡ್ತಾನಲ್ಲ, ಅದೇ ದನೀಲಿ ಹೇಳ್ತಾನೆ. “ಸುಮ್ನಿರಮ್ಮ. ಸುಮ್ನಿದ್ರೆ ಬೇಗ ಮುಗಿಯುತ್ತೆ ಕಣಮ್ಮ” ಅಂತ.

ಯಾಕೆ ಪೆನ್ನು ಕೆಳಗಿಟ್ಟೆ?

ಹಾಗೆ ನೋಡ್ಬೇಡ. ಅಮ್ಮ ಅಂದ ಅಂತಾನಾ? ಅಂದ್ರೆ ಏನೀಗ? ಹೆಂಡ್ತೀನ ಅಮ್ಮ ಅನ್ನಲ್ವಾ ಜನ? ಬಾರಮ್ಮ, ಕೂರಮ್ಮ, ಬಾಗಿಲು ತೆಗಿಯಮ್ಮ... ಅಂಗಡಿಗೆ ಬಂದ ಹೆಂಗಸರಿಗೆಲ್ಲ ಅವನು ಅಮ್ಮ ಅಂತಾನೆ, ನಾಲಿಗೆಗೆ ಅದೇ ರೂಢಿ. ನಾನು ಬಂದಾಗಿಂದ ನೀನೂ ಅಮ್ಮ ಅಂತಿದ್ದೀಯ, ನಿನ್ನನ್ನೇನು ನಾನು ಹೆತ್ತಿದ್ದೀನಾ? ಅದು ಮಾತಾಡ್ಸೋ ಒಂದು ರೀತಿ, ಅಷ್ಟೇ... ಅಷ್ಟೇ.

ಏನಾದ್ರೂ ಕೇಳು. ಸೊಸೆ ವಯಸ್ಸು ಕೇಳು. ಅವಳು ಏನು ಓದಿದ್ದಾಳೆ ಕೇಳು...

ನೀರು ಬೇಡ.

ಅವಳು ಹೋಗಿ ವರ್ಷ ಆಯ್ತು. ಜಾಣೆ. ಮೊದಲನೇ ಏಟಿಗೇ ಬ್ಯಾಗ್ ಎತ್ಕೊಂಡು ಹೊರಟ್ಲು, ತಿರುಗಿ ನೋಡ್ಲಿಲ್ಲ. ಅವಳು ಹೋದ ಮೇಲೆ ಆ ಮನೇಲಿ ಇನ್ಯಾರಿದ್ರು ಹೇಳು, ಅವನ ಕೈಗೆ ಸಿಗೋಕೆ?

ಗಂಡ ಹೊಡೆದ ಅಂದ್ರೆ ಲೋಕ ಅಯ್ಯೋ ಪಾಪ ಅನ್ನುತ್ತೆ. ಮಗ ಹೊಡೆದ ಅಂದ್ರೆ, ಎಂಥ ಮಗನ್ನ ಹೆತ್ತೆ ಅಂತ ತಿರುಗಿ ನನ್ನನ್ನೇ ಕೇಳುತ್ತೆ. ನಾಚಿಕೆ ಆಗಲ್ವಾ ಹೇಳೋಕೆ? ಎದೆಹಾಲು ಕುಡಿಸಿದವಳಿಗೆ ನಾಚಿಕೆ, ಹೊಡೆದವನು ಅಲ್ಲಿ ಸೆಂಟು ಪೂಸ್ಕೊಂಡು ನಗ್ತಾ ನಿಂತಿದ್ದಾನೆ.

ಅಳ್ಬೇಡ ನೀನು. ನಿನ್ನ ಕಣ್ಣೀರು ತಗೊಂಡು ನಾನೇನು ಮಾಡ್ಲಿ? ನಂಗೆ ಅವನು ಬೇಕು, ಕಂಬಿ ಹಿಂದೆ. ಗಂಡ ಅಲ್ಲ ಅಂದ್ರೆ ಇಲ್ಲಿ ದೂರು ತಗೊಳ್ಳಲ್ವಾ? ಅದೊಂದು ಹೇಳಿಬಿಡು, ಎದ್ದು ಹೋಗ್ತೀನಿ...

ತಗೊಳ್ತೀರಾ.

ಮತ್ತೆ ಬೇರೆ ಹಾಳೆ ಯಾಕೆ ತೆಗೀತಿದ್ದೀಯ? ಬರೆದಿರೋದೆಲ್ಲ ನಿಜಾನೇ. ಸೊಸೆ ಅಂತ ಇರೋ ಕಡೆಯೆಲ್ಲ ಹೊಡೆದುಹಾಕಿ, ಅಮ್ಮ ಅಂತ ಬರಿ.