ಒಂಗೆ ಮರಕ್ಕೊಂದು ಹೂಂ

ಹಲೋ... ಹಲೋ, ಯಾರು ಮಾತಾಡ್ತಿರೋದು?... ಚಲುವರಾಜನಾ? ಇದ್ಯಾರ ನಂಬ್ರುಲಾ? ನಿನ್ ಫೋನ್ ಏನಾಯ್ತು?

... ಚಾರ್ಜ್ ಇಲ್ವಾ? ಸರಿ ಬುಡು. ಗೊತ್ತಿಲ್ಲದ ನಂಬ್ರು ಅಂತ ಎತ್ತೋಕೇ ಹಿಂದೆಮುಂದೆ ನೋಡ್ತಿದ್ದೆ.

... ಹಾಂ, ನನ್ ಮಗಳು ಶ್ವೇತಾನೂ ಅವಳ ಕೂಸೂ ಚೆನ್ನಾಗವ್ರೆ. ಬಾಣಂತನ ಮುಗುಸ್ಕೊಂಡೇ ನಾನು ನಾಗಮಂಗಲ ಬುಡೋದು... ಯಾಕ್ಲಾ, ಯಾವಾಗ ಬತ್ತೀಯ ಅಂತ ತಿರುಗ್ಸಿ ಮುರುಗ್ಸಿ ಕೇಳ್ತೀಯ? ಊರಲ್ಲಿದ್ದಾಗ ಉಂಡ್ಯಾ ಅಂತ ಒಂದಿನ ಕೇಳ್ದೋನಲ್ಲ, ಇವತ್ತು ಅಕ್ಕ ಅಕ್ಕ ಅಂತ ಬಾಯ್ತುಂಬ ಕರೀತಿದ್ದೀಯಲ್ಲ!

... ಏನು? ಹೂಂ ಅನ್ಬೇಕಾ? ಯಾತಕ್ಕೆ?... ನನ್ನ ಹಿತ್ತಲ ಒಂಗೆ ಮರದ ಮಾತಾ?... ಕೊಂಬೆ ಕಣಪ್ಪ. ಒಂದು ಕೊಂಬೆ ನಿನ್ ಕಬ್ಬಿನ ಮ್ಯಾಲೆ ಬಾಗೈತೆ, ಸವರ್ಕೋ ಅಂತ ಹೋದ್ವರ್ಸವೇ ಅಂದಿದ್ದೆ. ಅದಕ್ಕೆ ಈಗ್ಯಾಕೆ ಹೂಂ ಅನ್ಲಿ?

... ತಡಿ. ನಿನ್ ಮಾತು ಗವಿ ಒಳಗಿಂದ ಬಂದಂಗೆ ಕೇಳ್ತದೆ. ಸ್ಪೀಕರ್ ಹಾಕಿದ್ದೀಯ, ಅಲ್ವಾ?... ಸುಳ್ಳೇಳ್ಬೇಡ. ಪಕ್ಕದಲ್ಲಿ ಯಾರೋ ಕೆಮ್ಮಿದ್ರು... ಯಾರು?... ಮರ ಕುಯ್ಯೋ ಜಫರಾ? ಅಂಗಾದ್ರೆ ಈ ಫೋನೂ ಅವನ್ದೇ.

... ಹಾಂ ಜಫರಪ್ಪ, ಸೋಮಮ್ಮನೇ ಮಾತಾಡ್ತಿರೋದು. ನೀನಾದ್ರೂ ದಿಟ ಹೇಳು. ಕೊಂಬೆಗೇನಾ ಮಿಷಿನ್ನು?... ಬುಡಕ್ಕಾ!... ಅಕ್ಕನ ಬಾಯಿಂದ ಹೂಂ ಅಂತ ಕೇಳ್ದೆ ಹಚ್ಚಲ್ಲ ಅಂದ್ಯಾ? ನಿಮ್ಮ ಅಲ್ಲಾ, ನಮ್ಮ ನಾರಾಯಣಸ್ವಾಮಿ, ಇಬ್ರೂ ನಿನ್ನ ಕಾಯ್ಲಿ ಕಣಪ್ಪ. ನಾನು ಹೂಂ ಅನ್ನಲ್ಲ.

... ಕಿರುಚ್ಬೇಡ ಚಲುವ. ನೆರಳಿಗೆ ಕಬ್ಬು ಏಳಲ್ಲ, ಗೊತ್ತು... ಏನಂದೆ? ಆ ಮರದಡೀಲಿ ನೆಟ್ಟಿರೋ ನನ್ನ ನೆಲಸಂಪಿಗೆ ಗಿಡ ಎಲ್ಲಾ ಸತ್ತೋದ್ವಾ? ಒಂದು ಎಲೇನೂ ಇಲ್ವಾ? ಇನ್ಯಾರಿಗೆ ನೆರಳು ಅಂತೀಯಾ?

... ಅಯ್ಯೋ ದಡ್ಡ. ಮಾಗೀಲಿ ಎಲೆ ಒಣಗಿಸ್ಕೊಂಡು ಮಣ್ಣೊಳಗೆ ಮಲಗ್ತವೆ ಅವು. ಬ್ಯಾಸಗೆ ಮಳೆ ಬಿದ್ರೆ ಎಲೆಗಿಂತ ಮುಂಚೆ ಹೂವೇ ಏಳೋದು, ಬರೀ ನೆಲದಿಂದ. ಅವ್ವ ತೊಣ್ಣೂರು ಬೆಟ್ಟದ ತಪ್ಪಲಿಂದ ಸೆರಗಲ್ಲಿ ಕಟ್ಕೊಂಡು ತಂದ ಗೆಡ್ಡೆ ಕಣ್ಲಾ. ನೀನು ಹುಟ್ಟಿದಾಗಿಂದ ಕಬ್ಬು ನೋಡ್ದೆ, ಮರದ ಬುಡ ಯಾವತ್ತು ನೋಡಿದ್ದೀಯ? ಆ ಒಂಗೆ ಇಲ್ದೆ ಬಿಸ್ಲು ನೆಟ್ಟಗೆ ಬಿದ್ರೆ ಗೆಡ್ಡೆ ಮಣ್ಣಲ್ಲೇ ಬೆಂದೋಗ್ತವೆ. ವರ್ಸವರ್ಸ ಮೊದಲ ಹೂವು ಸ್ವಾಮಿ ಪಾದಕ್ಕೆ ಇಟ್ಟೋಳು, ಇನ್ಮ್ಯಾಲೆ ಬರೀ ಕೈಲಿ ಹೋಗ್ಲಾ?

... ಕತೆ ಕಟ್ತೀನಾ ನಾನು? ಮರ ಉಳಿಸ್ಕೊಳ್ಳೋಕೆ? ಜಫರ್, ನಿಮ್ಮಮ್ಮ ಖುರ್ಷಿದಕ್ಕಂಗೂ ಎರಡು ಗೆಡ್ಡೆ ಕೊಟ್ಟಿದ್ದೆ, ನಿಮ್ಮ ಬಚ್ಚಲ ಹಿಂದೆ ನೆಟ್ಟವ್ರಲ್ಲ, ಅವೇನಾದ್ವು?... ನೆನ್ನೆ ಹೂ ಬಿಟ್ವಾ! ಮಳೆ ಆಯ್ತಾ ಕ್ಯಾತನಹಳ್ಳಿಲಿ?

... ಚಲುವ, ಊರಿಗೆ ಮಳೆ ಬಂದಿದ್ದನ್ನೂ ನನ್ನಿಂದ ಮುಚ್ಚಿಟ್ಯಲ್ಲಪ್ಪ.

... ಆಯ್ತು, ಆಯ್ತು. ಈಗ ಎಲ್ಲಿ ನಿಂತಿದ್ದೀಯ?... ಮರದಡೀಲೇನಾ? ಬಗ್ಗು. ತರಗು ಸರಿಸು, ಮೆಲ್ಲಗೆ... ಏನ್ ಕಾಣ್ತದೆ?... ಚಲುವ?... ಜಫರ್, ನೀನು ಹೇಳು... ಬಿಳೀದು, ನಡುವೆ ನೇರಳೆ ಬಣ್ಣ, ಅಲ್ವಾ?... ಸುತ್ತಾನೂವಾ? ನನ್ನಪ್ಪ, ನಾರಾಯಣ...

... ಯಾಕ್ಲಾ ಚಲುವ, ಅಳ್ತೀಯ? ನಾನೇನು ಬೈಯ್ದ್ನಾ? ಮಿಷಿನ್ ಅತ್ಲಾಗಿಡ್ಸು ಮೊದ್ಲು. ಕಬ್ಬಿನ ಮ್ಯಾಲಿನ ಕೊಂಬೆ ಸವರ್ಸ್ಕೋ, ಅದಕ್ಕೆ ಈಗ್ಲೂ ಹೂಂ ಅಂತೀನಿ.

... ತಡಿ ತಡಿ, ಏಳ್ಬೇಡ, ಅಲ್ಲಾಡ್ಬೇಡ. ಸುತ್ತಾನೂ ಹೂವೇ ಅಂದ್ನಲ್ಲ ಜಫರ್... ನಿನ್ ಕಾಲಡೀಲಿ ಏನೈತೆ ನೋಡು. ಎಡಗಾಲು ಎತ್ತು... ಮೆಲ್ಲಗೆ, ಕಣ್ಲಾ, ಮೆಲ್ಲಗೆ... ಎತ್ತಿದ್ಯಾ? ಹೂವು ಮುರೀಲಿಲ್ಲ ತಾನೆ?... ಹಲೋ? ಚಲುವ? ಮುರೀಲಿಲ್ಲ ತಾ...